ಗಿಳಿಯ ಕಾಲಿನ ರಿಂಗ್ ಕತ್ತರಿಸುವುದು ಅಪರಾಧವೇ? ಕೇಂದ್ರ ಪರಿಸರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವರಿಗೆ,

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ, ಸಾಕಿದ ಹಲವು ವಿದೇಶಿ ಹಕ್ಕಿಗಳ ನೋಂದಣಿಯನ್ನು ಕಡ್ಡಾಯ ಮಾಡಿದ ತಿದ್ದುಪಡಿಯನ್ನು ನಾವು ವಿರೋಧಿಸುತ್ತಿಲ್ಲ. ಆಫ್ರಿಕನ್ ಗ್ರೇ ಗಿಳಿಗಳನ್ನು ಕಾಡಿನಿಂದ ಹಿಡಿದು ಮಾರುವ ದಂಧೆ ಮಿತಿಮೀರಿದ್ದರಿಂದಲೇ 2016ರಲ್ಲಿ ಸೈಟಿಸ್ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ದೇಶಗಳು ಅದನ್ನು ಅತ್ಯಂತ ಬಿಗಿ ನಿರ್ಬಂಧದ ಮೊದಲನೇ ಅನುಬಂಧಕ್ಕೆ ಸೇರಿಸಿದವು. ಮನೆಯಲ್ಲಿರುವ ವಿದೇಶಿ ಗಿಳಿಗೂ ಲೆಕ್ಕ ಇರಬೇಕು, ಸರಿ. ಆದರೆ ಈಗ ಲೆಕ್ಕ ಇಡುವ ಕ್ರಮ ಹಕ್ಕಿಯ ದೇಹಕ್ಕೆ, ಅದರ ಆಯುಷ್ಯಕ್ಕೆ ಹೊಂದುತ್ತಿಲ್ಲ.

ಮೊದಲು ಹಕ್ಕಿಯ ಕಾಲಿಗೆ ಗುರುತಿಗಾಗಿ ತೊಡಿಸುವ, ಸಂಖ್ಯೆಯಿರುವ ರಿಂಗ್ ವಿಷಯ. ಜೋಡಣೆಯಿಲ್ಲದ ಇಡೀ ಬಳೆಯಂಥ ರಿಂಗನ್ನು ಮರಿಯಿದ್ದಾಗಲೇ ತೊಡಿಸಬೇಕು; ಜಾತಿಗನುಗುಣವಾಗಿ 10ರಿಂದ 20 ದಿನದೊಳಗೆ. ಮುಂದಿನ ಎರಡು ಬೆರಳು, ಹಿಂದಿನ ಉದ್ದ ಬೆರಳು ಮೂರನ್ನೂ ಒಟ್ಟಿಗೆ ಹಿಡಿದು ರಿಂಗ್ ತೂರಿಸಿ, ಹಿಂದಿನ ಚಿಕ್ಕ ಬೆರಳನ್ನು ಹೊರಗೆಳೆಯುತ್ತಾರೆ. ಬೇಗ ಹಾಕಿದರೆ ಕಳಚಿ ಬೀಳುತ್ತದೆ, ತಡವಾದರೆ ತೂರುವುದೇ ಇಲ್ಲ. ಮುಂದೆ ಕಾಲಿಗೂ ರಿಂಗಿಗೂ ನಡುವೆ ಒಣಚರ್ಮ ಕಟ್ಟಿಕೊಳ್ಳಬಹುದು, ರಿಂಗ್ ಜಾಲರಿಗೆ ಸಿಕ್ಕಿ ಕಾಲು ಊದಬಹುದು. ರಕ್ತಸಂಚಾರ ನಿಂತರೆ ಪಾದವೇ ಹೋಗುತ್ತದೆ. ಆಗ ಪಶುವೈದ್ಯರು ರಿಂಗ್ ಕತ್ತರಿಸಲೇಬೇಕು. ಕಾಯ್ದೆಯ 49ಪಿ ಕಲಮು ಗುರುತಿನ ಚಿಹ್ನೆ ತೆಗೆಯುವುದನ್ನು ನಿಷೇಧಿಸುತ್ತದೆ. ಚಿಕಿತ್ಸೆಗಾಗಿ ತೆಗೆದರೆ? ಇದಕ್ಕೆ ನೇರ ಉತ್ತರ ಸಿಗದ ಕಾರಣ ಮಾಲೀಕರು ಆಸ್ಪತ್ರೆಗೆ ಬರಲು ಹೆದರುತ್ತಾರೆ, ವೈದ್ಯರು ಕತ್ತರಿ ಹಿಡಿಯಲು ಹೆದರುತ್ತಾರೆ.

ಇದಕ್ಕೊಂದು ಸುತ್ತೋಲೆ ಸಾಕು. ನೋಂದಾಯಿತ ಪಶುವೈದ್ಯರು ರಿಂಗ್ ತೆಗೆಯಬಹುದು. ತೆಗೆಯುವ ಮೊದಲು ಅದರ ಸಂಖ್ಯೆ ಕಾಣುವಂತೆ ಫೋಟೊ, ತುಂಡಾದ ರಿಂಗ್ ಮತ್ತು ವೈದ್ಯರ ಪತ್ರ ಕಡತಕ್ಕೆ. ಗ್ರೇ, ಮಕಾವ್‌ನಂಥ ದೊಡ್ಡ ಹಕ್ಕಿಗೆ ಅದೇ ಅರಿವಳಿಕೆಯಲ್ಲಿ ಎದೆಯ ಸ್ನಾಯುವಿಗೆ ಮೈಕ್ರೋಚಿಪ್ ಹಾಕಿ, ಅದರ 15 ಅಂಕಿಯ ಸಂಖ್ಯೆಯನ್ನು ನೋಂದಣಿ ನಡೆಯುವ ನಿಮ್ಮ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿರುವ ಹಳೆಯ ದಾಖಲೆಗೇ ಸೇರಿಸಲಿ. ನೂರು ಗ್ರಾಂ ಆಸುಪಾಸಿನ ಸನ್ ಕೊನ್ಯೂರ್‌ನಂಥ ಪುಟ್ಟ ಗಿಳಿಗೆ ಚಿಪ್ ಕಡ್ಡಾಯ ಮಾಡಬೇಡಿ. ಮಾಮೂಲಿ ಚಿಪ್ 12 ಮಿಲಿಮೀಟರ್ ಉದ್ದ. ಆ ಪುಟ್ಟ ಮೈಗೆ ಅದು ದೊಡ್ಡ ಗಾಯ.

ಮರಿ ಹುಟ್ಟಿದಾಗ ಇಲಾಖೆಗೆ ಕೊಡಬೇಕಾದ ವರದಿಯಲ್ಲೂ ಇದೇ ತೊಡಕು. ಗ್ರೇ ಹೆಣ್ಣು ಕೆಲವು ದಿನಗಳ ಅಂತರದಲ್ಲಿ ಒಂದೊಂದೇ ಮೊಟ್ಟೆ ಇಟ್ಟು, ಸುಮಾರು 28ರಿಂದ 30 ದಿನ ಕಾವು ಕೊಡುತ್ತದೆ. ಮರಿಗಳೂ ಒಂದೇ ದಿನ ಹೊರಬರುವುದಿಲ್ಲ. ಪದೇಪದೇ ಗೂಡಿನ ಪೆಟ್ಟಿಗೆ ತೆರೆದು ನೋಡಿದರೆ ತಾಯಿ ಮರಿಯನ್ನು ಕುಕ್ಕಿ ಸಾಯಿಸುವುದೂ ಉಂಟು. ಆದ್ದರಿಂದ ಮೊದಲ ವರದಿಯಲ್ಲಿ ಮರಿಗಳ ಎಣಿಕೆ ಮಾತ್ರ ಕೇಳಿ, ರಿಂಗ್ ಹಾಕಿದ ಮೇಲೆ ಸಂಖ್ಯೆ ಪಡೆಯಿರಿ.

ಗ್ರೇ ನಲವತ್ತು ವರ್ಷ ಮೀರಿ ಬದುಕಬಲ್ಲದು. ಸಾಕಿದವರು ಅದಕ್ಕಿಂತ ಮೊದಲೇ ಹೋಗಬಹುದು. ಬ್ಯಾಂಕ್ ಖಾತೆಗಿರುವಂತೆ ನೋಂದಣಿಯಲ್ಲೂ ನಾಮಿನಿಯ ಹೆಸರಿಗೆ ಒಂದು ಕಾಲಂ ಇರಲಿ.

ಯಾವ ಹಕ್ಕಿ ನೋಂದಣಿ ಬೇಕಾದ ಸೈಟಿಸ್ ಪಟ್ಟಿಯಲ್ಲಿದೆ ಎಂಬುದೇ ಹಲವರಿಗೆ ಗೊತ್ತಿಲ್ಲ. ಬಜರಿಗರ್, ಕಾಕಟೀಲ್, ಪೀಚ್-ಫೇಸ್ಡ್ ಲವ್‌ಬರ್ಡ್ ಸೈಟಿಸ್ ಪಟ್ಟಿಯಿಂದ ಹೊರಗಿವೆ. ಫಿಷರ್ಸ್ ಲವ್‌ಬರ್ಡ್ ಒಳಗಿದೆ. ಅಂಗಡಿಯಲ್ಲಿ ಎಲ್ಲಕ್ಕೂ ಒಂದೇ ಹೆಸರು, ಲವ್ ಬರ್ಡ್ಸ್. ವಿದೇಶಿ ಎಂದು ಮಾರುವ ನೀಲಿ, ಹಳದಿ ರಿಂಗ್‌ನೆಕ್ ಗಿಳಿ ಕೂಡ ಜಾತಿಯಿಂದ ನಮ್ಮ ತೋಟದ ಹಸಿರು ಗಿಳಿಯೇ, ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವ, ಮನೆಯಲ್ಲಿ ಸಾಕುವಂತಿಲ್ಲದ ಪಕ್ಷಿ. ಬಣ್ಣ ಬದಲಾದ ತಳಿಗಳ ಬಗ್ಗೆ ಇಲಾಖೆ ಚಿತ್ರಸಹಿತ ಕೈಪಿಡಿಯೊಂದನ್ನು ಕನ್ನಡವೂ ಸೇರಿದಂತೆ ರಾಜ್ಯಭಾಷೆಗಳಲ್ಲಿ ಕೊಡಬೇಕು.

2024ರ ಫೆಬ್ರುವರಿ 28ರ ನಿಯಮಗಳು ನೋಂದಣಿಗೆ ಆರು ತಿಂಗಳು ಕೊಟ್ಟಿದ್ದವು. ಹಕ್ಕಿ ಕೊಂಡ ಬಿಲ್ ಇಲ್ಲವೆಂದು ಆಗ ಹಿಂಜರಿದವರು ಈಗ ಇನ್ನಷ್ಟು ಅವಿತುಕೊಂಡಿದ್ದಾರೆ. 2020ರ ಸ್ವಯಂಘೋಷಣೆಯಲ್ಲಿ ದಾಖಲೆ ಕೇಳದೆ ಮಾಹಿತಿ ಪಡೆದಂತೆ ಇನ್ನೊಮ್ಮೆ ಬಾಗಿಲು ತೆರೆಯಿರಿ. ಈ ನೆಪದಲ್ಲಿ ಹೊಸ ಕಳ್ಳಸಾಗಣೆ ನುಸುಳದಂತೆ, ಹಕ್ಕಿ ಹಿಂದಿನಿಂದಲೂ ಮನೆಯಲ್ಲಿತ್ತೆಂದು ತೋರಿಸುವ ಹಳೆಯ ಫೋಟೊ ಅಥವಾ ವೈದ್ಯರ ಚೀಟಿ ಕೇಳಿದರೆ ಸಾಕು.

ದೇಶಿ ಗಿಳಿ ಇಟ್ಟುಕೊಂಡವರಿಗೆ ಬೇಕಿರುವುದು ಪರವಾನಗಿಯಲ್ಲ, ಪ್ರಕರಣದ ಭಯವಿಲ್ಲದೆ ಒಪ್ಪಿಸುವ ಜಾಗ. ಹೆದರಿ ಹಾರಿಬಿಟ್ಟರೆ, ರೆಕ್ಕೆ ಕತ್ತರಿಸಿದ ಗಿಳಿಗೆ ಹಳೆ ಗರಿ ಉದುರಿ ಹೊಸದು ಬರುವವರೆಗೆ ಹಾರಲಾಗದು. ಪಂಜರದ ರೋಗವೂ ಕಾಡಿನ ಹಿಂಡಿಗೆ ಹಬ್ಬಬಹುದು. ಪ್ರತಿ ಜಿಲ್ಲೆಯಲ್ಲೂ ಪ್ರತ್ಯೇಕವಾಸದ ಕೋಣೆಯಿರುವ ಒಂದು ಸ್ವೀಕಾರ ಕೇಂದ್ರ ಗುರುತಿಸಿ, ವಿಳಾಸ ಪ್ರಕಟಿಸಿ.

ಇಂತಿ,
ಗಿಳಿ ಸಾಕುವವರು ಮತ್ತು ಮರಿ ಮಾಡಿಸುವವರು