ಮಗಳಿಗೊಂದು ಪತ್ರ: ಗಾಜನೂರಿಗೆ ಒಂದು ಟಿಕೆಟ್

ಪ್ರೀತಿಯ ಕೂಸೇ,

ಇಸಿಜಿ ಸರಿ ಇದೆ, ಥೈರಾಯ್ಡ್ ಸರಿ ಇದೆ, ಹಿಮೋಗ್ಲೋಬಿನ್ನೂ ಸರಿ ಇದೆ ಅಂತ ಡಾಕ್ಟರು ಹೇಳಿದ ಮೇಲೂ ನಿನಗೆ ಸಮಾಧಾನ ಆಗಿಲ್ಲ ಅಂತ ಗೊತ್ತು. "ಏನೂ ಇಲ್ಲ, ಗ್ಯಾಸ್ಟ್ರಿಕ್ ಇರಬೇಕು" ಅಂದರೆ ಯಾರಿಗೆ ತಾನೇ ಸಮಾಧಾನ ಆಗುತ್ತದೆ? ನಿನಗಾಗುತ್ತಿರುವುದಕ್ಕೆ ಪ್ಯಾನಿಕ್ ಅಟ್ಯಾಕ್ ಅಂತ ಹೆಸರಿದೆ. ಅದು ಹೇಗೆ ಏಳುತ್ತದೆ, ಹೇಗೆ ಇಳಿಯುತ್ತದೆ ಅನ್ನುವುದು ಗೊತ್ತಿರುವ ಸಂಗತಿ, ಚಿಕಿತ್ಸೆಯೂ ಇದೆ. ಈ ಮಳೆಯಲ್ಲಿ ಫೋನ್ ಸರಿಯಾಗಿ ಸಿಗುವುದಿಲ್ಲ, ಅದಕ್ಕೇ ಎಲ್ಲ ಬರೆದು ಕಳಿಸುತ್ತಿದ್ದೇನೆ.

ಬಸ್ಸಿನಲ್ಲಿ ಕೂತಿರುವಾಗ ಎದೆ ಡವಡವ ಅನ್ನುತ್ತದೆ. ಕಾಫಿಯಿಂದ ಇರಬಹುದು, ನಿದ್ದೆಗೆಟ್ಟಿದ್ದರಿಂದ ಇರಬಹುದು, ಓಡಿ ಬಂದು ಬಸ್ ಹತ್ತಿದ್ದರಿಂದಲೂ ಇರಬಹುದು. ಮನಸ್ಸು ತಕ್ಷಣ "ಹಾರ್ಟ್ ಅಟ್ಯಾಕ್" ಅನ್ನುತ್ತದೆ. ಆ ಹೆದರಿಕೆಗೆ ಅಡ್ರಿನಲಿನ್ ಅನ್ನುವ ಹಾರ್ಮೋನ್ ಏರುತ್ತದೆ, ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ, ಅದಕ್ಕೆ ಹೆದರಿಕೆ ಮತ್ತಷ್ಟು ಏರುತ್ತದೆ. ಬ್ರಿಟನ್ನಿನ ಮನಃಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ್ದು ಇದೇ ಸುತ್ತನ್ನು. ಈ ಸುತ್ತು ಎಲ್ಲಿ ಕಡಿಯುತ್ತದೆ ಅಂದರೆ, ಎದೆಬಡಿತಕ್ಕೆ ನೀನು ಕೊಡುವ ಅರ್ಥದಲ್ಲಿ ಮತ್ತು ಅದಕ್ಕೆ ಹೆದರಿ ನೀನು ಮಾಡುವ ಕೆಲಸದಲ್ಲಿ.

ಉಸಿರು ಸಾಲುತ್ತಿಲ್ಲ ಅಂತ ಎಳೆದೆಳೆದು ಬಿಡುತ್ತೀಯಲ್ಲ, ಆಗ ಆಮ್ಲಜನಕ ಬೇಕಾದಷ್ಟಿರುತ್ತದೆ, ರಕ್ತದಲ್ಲಿ ಇಳಿಯುವುದು ಕಾರ್ಬನ್ ಡೈಆಕ್ಸೈಡ್. ಅದು ಇಳಿದಾಗ ಮೆದುಳಿನ ರಕ್ತನಾಳಗಳು ಸ್ವಲ್ಪ ಕಿರಿದಾಗಿ ತಲೆ ಹಗುರಾಗುತ್ತದೆ, ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಅನ್ನುತ್ತದೆ, ಎದುರಿಗಿರುವುದೆಲ್ಲ ಕನಸಿನಲ್ಲಿ ಕಂಡ ಹಾಗೆ ಕಾಣುತ್ತದೆ. ಎಚ್ಚರ ತಪ್ಪಿ ಬೀಳುತ್ತೇನೆ ಅಂತ ಅನ್ನಿಸಿದರೂ ಹಾಗೆ ಬೀಳುವವರು ತೀರಾ ಕಡಿಮೆ. ಯಾಕೆಂದರೆ ಜನ ಬೀಳುವುದು ಬಿಪಿ ಇಳಿದಾಗ, ಪ್ಯಾನಿಕ್‌ನಲ್ಲಿ ಬಿಪಿ ಸಾಮಾನ್ಯವಾಗಿ ಏರಿರುತ್ತದೆ. ಹೆಚ್ಚಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯತೊಡಗುತ್ತದೆ. ಕಾಗದದ ಚೀಲದೊಳಗೆ ಉಸಿರಾಡು ಅಂತ ಯಾರಾದರೂ ಹೇಳಿದರೆ ಬೇಡ ಅನ್ನು, ಆ ಪದ್ಧತಿಯನ್ನು ವೈದ್ಯರು ಈಗ ಹೇಳುವುದಿಲ್ಲ. ನಡೆದಾಗ, ಭಾರ ಎತ್ತಿದಾಗ ಎದೆನೋವು ಬಂದು ನಿಂತರೆ ಕಡಿಮೆಯಾಗುವುದು, ನೋವು ಎಡಗೈಗೋ ದವಡೆಗೋ ಹರಡುವುದು, ನಿಜವಾಗಿ ಎಚ್ಚರ ತಪ್ಪುವುದು, ಒಂದು ಬದಿಯ ಕೈಕಾಲಲ್ಲಿ ಬಲ ಹೋಗುವುದು, ಇವುಗಳಲ್ಲಿ ಯಾವುದಾದರೂ ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಉಸಿರಾಟದ ಅಭ್ಯಾಸ ಆರಾಮಾಗಿರುವಾಗ ಮಾಡುವಂಥದ್ದು. ಬೆಳಿಗ್ಗೆ 10 ನಿಮಿಷ, ಸಂಜೆ 10 ನಿಮಿಷ. ಹೊಟ್ಟೆ ಉಬ್ಬುವ ಹಾಗೆ ಮೂಗಿನಿಂದ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ದೀರ್ಘ ಉಸಿರು ಅಂದರೆ ಎದೆ ತುಂಬ ಎಳೆಯುವುದು ಅಂತ ತಿಳಿಯಬೇಡ, ಹಾಗೆ ಎಳೆದರೆ ಮತ್ತೆ ತಲೆ ತಿರುಗುತ್ತದೆ. ಬಸ್ಸಿನಲ್ಲಿ ಗಾಬರಿ ಬಂದಾಗ ಅದನ್ನು ಓಡಿಸಲಿಕ್ಕೆಂದು ಇದನ್ನು ಬಳಸಿದರೆ ಒಂದು ತೊಂದರೆ ಇದೆ. "ಉಸಿರಾಟ ಮಾಡಿದ್ದಕ್ಕೆ ಬದುಕಿದೆ" ಅಂತ ಮೆದುಳು ಕಲಿತುಬಿಡುತ್ತದೆ. ನಿನ್ನ ಚೀಲದ ನೀರಿನ ಬಾಟಲಿ, ಯಾವಾಗಲೂ 100 ತೋರಿಸಬೇಕಾದ ಮೊಬೈಲ್ ಬ್ಯಾಟರಿ, ಬಾಗಿಲ ಪಕ್ಕದ ಸೀಟು, ಪರ್ಸಿನಲ್ಲಿಟ್ಟ ಮಾತ್ರೆಯ ಪಟ್ಟಿ ಎಲ್ಲ ಅದೇ ಕೆಲಸ ಮಾಡುತ್ತವೆ. ಅಜ್ಜಿ ಕಟ್ಟಿಸಿದ ದಾರವೂ ಅಷ್ಟೇ. ಅವರ ಮನಸ್ಸಿಗಾಗಿ ಕೈಯಲ್ಲಿರಲಿ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಅದು ಬಿಚ್ಚಿಹೋದ ದಿನ ಬಸ್ ಹತ್ತಲಾರೆ ಅನ್ನಿಸಿದರೆ ಅದೂ ಒಂದು ನೀರಿನ ಬಾಟಲಿ.

ರೂಮಿನಲ್ಲಿ ಮಾಡಬೇಕಾದ್ದು ಕೇಳಿದರೆ ವಿಚಿತ್ರ ಅನ್ನಿಸೀತು. ಯಾವ ಅನುಭವಕ್ಕೆ ಹೆದರುತ್ತೀಯೋ ಅದನ್ನೇ ಬೇಕೆಂದು ಬರಿಸಿಕೊಳ್ಳಬೇಕು. ಎದೆಬಡಿತಕ್ಕೆ, ಇದ್ದಲ್ಲೇ 1 ನಿಮಿಷ ಜಾಗಿಂಗ್. ತಲೆಸುತ್ತಿಗೆ, ತಿರುಗುವ ಕುರ್ಚಿಯಲ್ಲಿ 1 ನಿಮಿಷ ಸುತ್ತುವುದು. ಉಸಿರು ಕಟ್ಟಿದಂತಾಗುವುದಕ್ಕೆ, ಮೂಗು ಹಿಡಿದು ಎಳನೀರಿನ ಸ್ಟ್ರಾದಲ್ಲಿ 1 ನಿಮಿಷ ಉಸಿರಾಡುವುದು. ಹೆದರಿಕೆ ಎಷ್ಟಾಯಿತು ಅಂತ 0ರಿಂದ 10ರೊಳಗೆ ಒಂದು ಅಂಕಿ ಬರೆದಿಡು. ತಣಿಯಲು ಬಿಟ್ಟು ಮತ್ತೆ ಮಾಡು. 7 ಇದ್ದದ್ದು 3ಕ್ಕೆ ಬರುವತನಕ ದಿನಾ ಮಾಡು. ಬೇಗ ಮುಗಿಸಬೇಕು ಅಂತ 20 ಸೆಕೆಂಡಿಗೇ ನಿಲ್ಲಿಸಿದರೆ ಏನೂ ಪ್ರಯೋಜನ ಆಗುವುದಿಲ್ಲ. ಅಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು. ನಿನಗೆ ಅದ್ಯಾವುದೂ ಇಲ್ಲ. ಆದರೂ ಮೊದಲ ಸಲ ಥೆರಪಿಸ್ಟ್ ಎದುರಿಗೇ ಮಾಡು.

ಇನ್ನು ಬಸ್ಸಿನ ವಿಷಯ. ಈಗ ನೀನು ಕಾರಿದ್ದರೆ ಮಾತ್ರ ಊರಿಗೆ ಬರುತ್ತೀಯ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಅದನ್ನು ತುಂಡು ಮಾಡು. ಮೊದಲು ಗಾಜನೂರಿಗೆ ಟಿಕೆಟ್ ತಗೊ, ತುಂಗಾ ಡ್ಯಾಮಿನ ಹತ್ತಿರ ಇಳಿ, ಎದುರಿನಿಂದ ಬರುವ ಬಸ್ಸಿಗೆ ವಾಪಸ್ ಬಾ. ವಾರಕ್ಕೆ ನಾಲ್ಕು ಸಲ. ಅದು ಸಪ್ಪೆ ಅನ್ನಿಸಿದ ಮೇಲೆ ಸಕ್ರೆಬೈಲು, ಆಮೇಲೆ ಮಂಡಗದ್ದೆ. ಮಂಡಗದ್ದೆಯಿಂದ ಮುಂದೆ ಕಾಡು, ತಿರುವು, ನೆಟ್‌ವರ್ಕ್ ಇಲ್ಲದ ಜಾಗ. ನಿನಗೆ ಕಷ್ಟ ಆಗುವುದು ಅಲ್ಲೇ, ಅದಕ್ಕೆ ಅವಸರ ಬೇಡ. ಮೊದಮೊದಲು ಗೆಳತಿ ಪಕ್ಕದಲ್ಲಿರಲಿ, ನಂತರ ಅವಳು ಹಿಂದಿನ ಸೀಟಿಗೆ ಹೋಗಲಿ, ಕೊನೆಗೆ ನೀನೊಬ್ಬಳೇ. ಬಾಗಿಲ ಪಕ್ಕದ ಸೀಟು ಬಿಟ್ಟು ಮಧ್ಯದಲ್ಲಿ ಕೂರು. ಬಾಟಲಿಯನ್ನು ಒಂದು ದಿನ ರೂಮಿನಲ್ಲೇ ಬಿಟ್ಟು ಹೋಗು.

ಇದರಲ್ಲಿ ಒಂದೇ ಒಂದು ನಿಯಮ ಗಟ್ಟಿ. ಗಾಬರಿ ತುದಿಯಲ್ಲಿರುವಾಗ ಇಳಿಯಬಾರದು. ಆಗ ಇಳಿದರೆ ಸಿಗುವ ನೆಮ್ಮದಿ ಮುಂದಿನ ಪ್ರಯಾಣವನ್ನು ಹಾಳು ಮಾಡುತ್ತದೆ, ಇಳಿದದ್ದಕ್ಕೇ ಉಳಿದೆ ಅಂತ ಮೆದುಳು ಬರೆದಿಟ್ಟುಕೊಳ್ಳುತ್ತದೆ. ಎದೆ ಹೊಡೆದುಕೊಳ್ಳಲಿ, ಕೈ ಬೆವರಲಿ. ಕಿಟಕಿಯ ಹೊರಗೆ ನೋಡು, ಕಂಡಕ್ಟರಿಂದ ಚಿಲ್ಲರೆ ಕೇಳಿ ತಗೊ, ಕೂತಿರು. ಅದು ತಾನಾಗಿ ಇಳಿಯುವುದನ್ನು ಸೀಟಿನಲ್ಲೇ ಕೂತು ನೋಡಬೇಕು. ಯಾವತ್ತಾದರೂ ತಡೆಯಲಾರದೆ ಇಳಿದುಬಿಟ್ಟರೆ ಮುಂದಿನ ಬಸ್ ಹತ್ತು. ಮನೆಗೆ ಹೋಗಿ ಮಲಗಿಬಿಡಬೇಡ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳ ಯೋಚನೆ ಈಗ ಬೇಡ, ಅದರ ಸರದಿ ಆಮೇಲೆ.

ಇದನ್ನೆಲ್ಲ ಕ್ರಮವಾಗಿ ಮಾಡಿಸುವುದಕ್ಕೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅನ್ನುತ್ತಾರೆ, ವಾರಕ್ಕೊಂದರಂತೆ ಸುಮಾರು 12 ಸಲ ಹೋಗಬೇಕಾಗಬಹುದು. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು. ಡಾ. ಅಶೋಕ್ ಪೈ ಅವರಂಥ ಮನೋವೈದ್ಯರು ವರ್ಷಗಟ್ಟಲೆ ಕೆಲಸ ಮಾಡಿದ ಊರು ಶಿವಮೊಗ್ಗ. ಅಲ್ಲಿ ಮನೋವೈದ್ಯರ ಬಾಗಿಲಲ್ಲಿ ಕೂರಲು ನಾಚಿಕೊಳ್ಳಬೇಕಾಗಿಲ್ಲ.

ಡಾಕ್ಟರು ಗಾಬರಿ, ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್ ಮಾತ್ರೆ ಬರೆದರೆ ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರು ಮಾಡಿ 10ಕ್ಕೆ ಏರಿಸುತ್ತಾರೆ. ಮೊದಲ ಒಂದೆರಡು ವಾರ ಚಡಪಡಿಕೆ, ಹೊಟ್ಟೆ ತೊಳಸುವುದು ಹೆಚ್ಚಾಗಬಹುದು. ಬಹಳ ಜನ ಮಾತ್ರೆ ಬಿಡುವುದು ಆಗಲೇ, ಗುಣ ಕಾಣಲು ಶುರುವಾಗುವ ಮೊದಲೇ. ಗುಣ 2ರಿಂದ 4 ವಾರದಲ್ಲಿ ಕಾಣತೊಡಗಿ ಪೂರ್ತಿಯಾಗಲು 8ರಿಂದ 12 ವಾರ ಬೇಕಾಗಬಹುದು. ನಿನ್ನ ವಯಸ್ಸಿನವರಲ್ಲಿ ಈ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಬರುವುದುಂಟು. ಬಂದರೆ ಅದೇ ದಿನ ಡಾಕ್ಟರಿಗೆ ಹೇಳು, ನನಗೂ ಹೇಳು. ಆರಾಮಾದ ಮೇಲೂ 6 ತಿಂಗಳಿಂದ 1 ವರ್ಷ ಮುಂದುವರಿಸಿ, ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಒಮ್ಮೆಗೇ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಶಾಕ್ ಹೊಡೆದಂಥ ಅನುಭವ ಆಗಬಹುದು. ಗಾಬರಿಯನ್ನು ಬೇಗ ತಣಿಸುವ ಕ್ಲೋನಾಜೆಪಾಮ್, ಅಲ್ಪ್ರಜೋಲಾಮ್‌ನಂಥ ಮಾತ್ರೆಗಳು ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲೇ ಆರಾಮು ಕೊಡುತ್ತವೆ, ಅಪಾಯ ಇರುವುದೂ ಅದರಲ್ಲೇ. ಕೆಲವೇ ವಾರಗಳ ಮಟ್ಟಿಗೆ ಸರಿ, ಅಭ್ಯಾಸವಾದರೆ ಬಿಡುವುದು ಕಷ್ಟ. ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ತರಬೇಡ.

ಕಾಫಿ ಬೆಳಿಗ್ಗೆಯ ಒಂದು ಲೋಟಕ್ಕೆ ಇಳಿಸು, ಆದರೆ ದಿಢೀರನೆ ಬಿಟ್ಟರೆ ತಲೆನೋವು. ಸಂಜೆಗೆ ಕೊತ್ತಂಬರಿ-ಜೀರಿಗೆ ಕಷಾಯದ ಪುಡಿ ಕಳಿಸುತ್ತೇನೆ. ದಿನವಿಡೀ ಕೊರೆಯುವ ಚಿಂತೆಗೆ ಸಂಜೆ 6ರಿಂದ 6.20ರವರೆಗೆ ಒಂದು ನೋಟ್‌ಬುಕ್ ಇಟ್ಟುಕೊ. ಬೇರೆ ಹೊತ್ತಿನಲ್ಲಿ ಬಂದದ್ದನ್ನು ಒಂದು ಸಾಲು ಬರೆದು ಆರು ಗಂಟೆಗೆ ತಳ್ಳು.

ನಮ್ಮ ಕಡೆಯಿಂದಲೂ ಕೆಲವು ಬದಲಾಗಬೇಕು. ಗಾಬರಿಯಾದಾಗ ನೀನು ಫೋನ್ ಮಾಡುವುದು, ನಾನು "ಏನೂ ಆಗಲ್ಲ, ಏನೂ ಆಗಲ್ಲ" ಅನ್ನುವುದು, ಅದು ಐದು ನಿಮಿಷಕ್ಕೆ ಸಾಕಾಗಿ ಆರನೇ ನಿಮಿಷಕ್ಕೆ ನೀನು ಮತ್ತೆ ಕೇಳುವುದು, ಇದೂ ಚೀಲದ ಬಾಟಲಿಯ ಸಾಲಿಗೇ ಸೇರುತ್ತದೆ. ಇನ್ನು ಮೇಲೆ "ಈಗ ಎಷ್ಟಿದೆ, ಹತ್ತಕ್ಕೆ?" ಅಂತ ಮಾತ್ರ ಕೇಳುತ್ತೇನೆ. ನೀನು ಅಂಕಿ ಹೇಳಿದ ಮೇಲೆ ಅಡಿಕೆಯದೋ ಮಳೆಯದೋ ಮಾತಾಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡ. ಅಪ್ಪಯ್ಯ ಕಾರು ತಗೊಂಡು ಓಡಿ ಬರುವುದೂ ನಿಲ್ಲುತ್ತದೆ, ಒಪ್ಪಿಸಿದ್ದೇನೆ. ಶನಿವಾರ ಗಾಜನೂರಿಗೆ ಹೋಗಿ ಬಂದ ಮೇಲೆ ಹತ್ತುವಾಗ ಎಷ್ಟಿತ್ತು, ಇಳಿಯುವಾಗ ಎಷ್ಟಿತ್ತು ಅಂತ ಎರಡೇ ಅಂಕಿ ಮೆಸೇಜ್ ಮಾಡು.

ನಿನ್ನ
ಅಮ್ಮ