ಸ್ಮರಣೆಯ ಕಛೇರಿಯಲ್ಲಿ ಕೃತಿಯನ್ನು ಪೂರ್ತಿ ನುಡಿಸಿ

ಮಾನ್ಯ ಸಂಪಾದಕರೇ,

ರಷ್ಯಾ ಮೂಲದ ಸಂಗೀತ ಸಂಯೋಜಕಿ ಸೋಫಿಯಾ ಗುಬೈದುಲಿನಾ 2025ರ ಮಾರ್ಚ್ 13ರಂದು ತೀರಿಕೊಂಡರು. ಅವರ ನೆನಪಿನ ಕಛೇರಿಯೊಂದಕ್ಕೆ ಹೋಗಿದ್ದೆ. ಭಾಷಣಗಳೇ ಜಾಸ್ತಿ. ಅವರ ಪಿಟೀಲು ಕನ್ಚೆರ್ಟೊ (ವಾದ್ಯವೃಂದದೊಡನೆ ಒಂಟಿ ಪಿಟೀಲು ನುಡಿಸುವ ಕೃತಿ) ‘ಒಫರ್ಟೋರಿಯಂ’ನ ಒಂದು ತುಣುಕನ್ನಷ್ಟೇ ನುಡಿಸಿದರು. ಪಿಟೀಲು ಕಲಿಸುವ ನನಗೆ ತುಂಬಾ ಬೇಸರವಾಯಿತು.

ಈ ಕೃತಿಯನ್ನು ತುಂಡು ಮಾಡಲೇಬಾರದು. ಮೊದಲಿಗೆ ಹಳೆಯ ಜರ್ಮನ್ ಸಂಯೋಜಕ ಬಾಖ್ ಬಳಸಿದ ಒಂದು ಧಾಟಿ ಕೇಳುತ್ತದೆ, ಅದೂ ಬೇರೆ ಬೇರೆ ವಾದ್ಯಗಳಿಗೆ ಹಂಚಿಹೋಗಿ. ಆಮೇಲೆ ಪ್ರತಿ ಸಲ ಅದರ ಎರಡೂ ತುದಿಯಿಂದ ಸ್ವರ ಉದುರುತ್ತಾ ಹೋಗುತ್ತದೆ. ಕೊನೆಗೆ ಉಳಿಯುವುದು ಒಂದೇ ಸ್ವರ. ಅಲ್ಲಿಂದ ಮುಂದೆ ಧಾಟಿ ಮತ್ತೆ ಸ್ವರ ಸ್ವರವಾಗಿ ಕಟ್ಟಿಕೊಳ್ಳುತ್ತದೆ, ಆದರೆ ಹಿಂದುಮುಂದಾಗಿ. ಅರ್ಧಕ್ಕೆ ನಿಲ್ಲಿಸಿದರೆ ಕೇಳುಗರಿಗೆ ಸಿಗುವುದು ಆ ಉದುರುವಿಕೆ ಮಾತ್ರ, ಅಲ್ವಾ?

1979ರಲ್ಲಿ ಸೋವಿಯತ್ ಸಂಯೋಜಕರ ಸಂಘದ ಮುಖ್ಯಸ್ಥ ತಿಖೊನ್ ಖ್ರೆನ್ನಿಕೊವ್ ಬಹಿರಂಗವಾಗಿ ಖಂಡಿಸಿದ ಏಳು ಮಂದಿ ಸಂಯೋಜಕರಲ್ಲಿ ಗುಬೈದುಲಿನಾ ಕೂಡ ಒಬ್ಬರು. ಆದರೂ ತಮ್ಮ ದಾರಿ ಬಿಡಲಿಲ್ಲ. 1981ರಲ್ಲಿ ವಿಯೆನ್ನಾದಲ್ಲಿ ಪಿಟೀಲು ವಾದಕ ಗಿಡಾನ್ ಕ್ರೆಮರ್ ಈ ಕೃತಿಯನ್ನು ಮೊದಲ ಸಲ ನುಡಿಸಿದರು. ಹೊರಗಿನ ಜಗತ್ತು ಇವರನ್ನು ಗುರುತಿಸಿದ್ದು ಬಹುಮಟ್ಟಿಗೆ ಆಮೇಲೆಯೇ. ಇಷ್ಟು ಸಹಿಸಿ ಬರೆದವರ ಸಂಗೀತಕ್ಕೆ ಅರ್ಧ ಗಂಟೆಗಿಂತ ತುಸು ಹೆಚ್ಚು ಹೊತ್ತು ಕೊಡುವುದು ದೊಡ್ಡ ಮಾತೇನಲ್ಲ.

ಹೊಸ ಸಂಗೀತ ಜನರಿಗೆ ಅರ್ಥವಾಗದು ಎಂಬ ಅಂಜಿಕೆ ಆಯೋಜಕರಿಗೆ ಬೇಡ. ಶುರುವಿಗೆ ಬಾಖ್‌ನ ಆ ಧಾಟಿಯೊಂದನ್ನೇ ಬಿಡಿಯಾಗಿ ನುಡಿಸಿ ತೋರಿಸಿ. ಕಿವಿ ತಾನಾಗಿ ಅದನ್ನು ಹುಡುಕುತ್ತದೆ. ಭಾಷಣಗಳನ್ನು ಅಚ್ಚು ಹಾಕಿಸಿ ಬಾಗಿಲಲ್ಲೇ ಹಂಚಿ, ವೇದಿಕೆಯನ್ನು ವಾದಕರಿಗೆ ಬಿಡಿ.

– ಒಬ್ಬ ಪಿಟೀಲು ಶಿಕ್ಷಕಿ