ಅಪ್ಪನ ಕುಡಿತವೂ ಕೂಸಿಗೆ ತಟ್ಟಬಹುದು

ಮಾನ್ಯರೇ,

ಸುರಪುರ ತಾಲ್ಲೂಕಿನ ನಮ್ಮೂರಲ್ಲಿ ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿದ್ದೇನೆ. ತಾಯಿ ಕಾರ್ಡ್ ತುಂಬಲು ಮನೆಗೆ ಹೋದರೆ ಪ್ರಶ್ನೆಗಳೆಲ್ಲ ಬಸುರಿಗೇ: ಗುಳಿಗೆ ನುಂಗಿದಿಯಾ, ರಕ್ತ ಎಷ್ಟಿದೆ, ತೂಕ ಎಷ್ಟು. ಕಟ್ಟೆಯ ಮೇಲೆ ಕುಳಿತ ಗಂಡನನ್ನು ಯಾರೂ ಕೇಳುವುದಿಲ್ಲ.

ಕಳೆದ ತಿಂಗಳು ಹೊಸದಾಗಿ ಮದುವೆಯಾದ ಹುಡುಗನೊಬ್ಬನಿಗೆ, ಮಕ್ಕಳು ಬೇಕಂದ್ರ ಮೊದಲು ಕುಡಿಯೋದು ಬಿಡಪ್ಪ ಎಂದೆ. ಅಂಗಿ ಜೇಬಿನಲ್ಲಿ ವಿಸ್ಕಿ ಪಾಕೀಟಿನ ಮೂಲೆ ಕಾಣುತ್ತಿತ್ತು. "ಅಕ್ಕಾರ, ಕೂಸು ಹೊರಾಕಿ ಆಕಿ. ನಾ ಕುಡದ್ರ ಕೂಸಿಗೇನಾಗ್ತದ?" ಅಂದ. ಅವನ ತಾಯಿಯೂ ಸೊಸೆಯ ಕಡೆಗೇ ನೋಡಿದಳು.

ವೀರ್ಯಾಣು ಒಂದು ದಿನದಲ್ಲಿ ತಯಾರಾಗುವುದಿಲ್ಲ, ಸುಮಾರು ಎರಡೂವರೆ ತಿಂಗಳು ಬೇಕು. ಆ ದಿನಗಳ ಕುಡಿತ ಅದರ ಮೇಲೆ ಗುರುತು ಬಿಡಬಲ್ಲದು. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ನೋಡಿದ್ದಾರೆ: ಗಂಡು ಇಲಿಗೆ ಮಾತ್ರ ಮದ್ಯ ಕೊಟ್ಟರೂ ಮರಿಗಳ ಮುಖದ ಬೆಳವಣಿಗೆಯಲ್ಲಿ ವ್ಯತ್ಯಾಸ ಬಂತು. ಇಲಿಯ ಮಾತು ಮನುಷ್ಯನಿಗೆ ಹಾಗ್ಹಾಗೇ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಕೂಸಿಗೆ ಏನಾದರೂ ಆದಾಗ ಸೊಸೆಯನ್ನಷ್ಟೇ ಬೈಯುವುದು ತಪ್ಪು ಎನ್ನಲು ಇಷ್ಟು ಸಾಕು. ಬಸುರಿ ಕುಡಿಯಲೇಬಾರದು, ಅದರಲ್ಲಿ ಎರಡು ಮಾತಿಲ್ಲ.

2007ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ನಮ್ಮಲ್ಲಿ ಮದುವೆ ಹೆಚ್ಚಾಗುವುದು ಬೇಸಿಗೆಯಲ್ಲಿ. ಬೆಂಗಳೂರು, ಪುಣೆಗೆ ದುಡಿಯಲು ಹೋದವರೂ ಆಗ ಊರಿಗೆ ಬರುತ್ತಾರೆ. ಆರೋಗ್ಯ ಇಲಾಖೆ ಆಗಲೇ ಗಂಡುಮಕ್ಕಳನ್ನು ಕೂರಿಸಿ ಮಾತಾಡಲಿ. ತಾಯಿ ಕಾರ್ಡಿನಲ್ಲಿ ಗಂಡನ ಕುಡಿತಕ್ಕೂ ಒಂದು ಸಾಲು ಇಡಲಿ. ಅದನ್ನು ಮನೆಮನೆಗೆ ಹೋಗಿ ಕೇಳಿ ತುಂಬಲು ನಾನು ತಯಾರಿದ್ದೇನೆ.

– ಆಶಾ ಕಾರ್ಯಕರ್ತೆ, ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ